ಹಂದಿ ಸಾಕೋರು, ಹಂದಿ ಮಾಂಸ ಮಾರೋರು ಪದೇ ಪದೇ ಕೇಳೋ ಪ್ರಶ್ನೆಗಳು: ರೋಗದ ವಿಚಾರ, ದಾವಣಗೆರೆ-ಚಿತ್ರದುರ್ಗ ಕಡೆಯವ್ರಿಗೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟ್ರಲ್ಲ. ಜಗಳೂರು ರಸ್ತೆ ಕಡೆ ಹನ್ನೊಂದು ತಾಯಿ ಹಂದಿ, ಒಂದು ಗಂಡು ಇಟ್ಕೊಂಡು ಮರಿ ಮಾರಿ ಸಂಸಾರ ನಡೆಸೋನು. ಒಂದ್ಸಲ ಶೆಡ್ ಪೂರ್ತಿ ಖಾಲಿ ಮಾಡ್ಕೊಂಡಿದೀನಿ, ಅದಾದ್ಮೇಲೆ ಯಾರ ಹಂದಿ ಮೇವು ಬಿಟ್ರೂ ನಂಗೊಂದು ಫೋನ್ ಬರುತ್ತೆ. ಹೊಳಲ್ಕೆರೆಯಿಂದ, ಹರಿಹರದಿಂದ, ಚಳ್ಳಕೆರೆಯಿಂದ ಎಲ್ಲಾ ಕಡೆಯಿಂದ ಅವೇ ಪ್ರಶ್ನೆ. ಹೇಳಿದ್ದನ್ನೇ ಹೇಳಿ ಬಾಯಿ ನೋವು ಬಂತು, ಅದ್ಕೆ ಒಂದೇ ಕಡೆ ಬರ್ದಿಟ್ಟಿದೀನಿ. ಔಷಧಿ ಡೋಸು ಮಾತ್ರ ನನ್ನ ಕೇಳ್ಬೇಡ್ರಿ, ಅದು ಪಶು ಆಸ್ಪತ್ರೆ ಡಾಕ್ಟ್ರ ಕೆಲಸ.

ಹಂದಿ ಜ್ವರ ಅಂದ್ರೆ ಯಾವ್ದು? ಟಿವಿಯಲ್ಲಿ ಬರೋದೂ ಅದೇನಾ?

ಇಲ್ಲೇ ನೋಡ್ರಿ ಅರ್ಧ ತಲೆನೋವು ಶುರುವಾಗೋದು. ಹಂದಿ ಜ್ವರ ಅನ್ನೋ ಒಂದೇ ಹೆಸ್ರನ್ನ ನಮ್ಮಲ್ಲಿ ಮೂರು ಕಾಯಿಲೆಗೆ ಹಾಕಿಬಿಟ್ಟಿದಾರೆ. 2009ರಲ್ಲಿ ಎಲ್ರೂ ಮಾಸ್ಕ್ ಹಾಕ್ಕೊಂಡು ಓಡಾಡಿದ್ರಲ್ಲ, ಎಚ್1ಎನ್1, ಅದು ಮನುಷ್ಯರಿಂದ ಮನುಷ್ಯರಿಗೆ ಹರಡೋ ಫ್ಲೂ, ಹಂದಿ ಮಾಂಸ ತಿಂದು ಅದು ಬರಲ್ಲ. ಆದ್ರೂ ಆ ವರ್ಷ ಮಾಂಸ ಕೊಳ್ಳೋಕೆ ಯಾರೂ ಬರ್ಲಿಲ್ಲ, ಹೆಸರಿಂದಾನೇ ನಮ್ ಹೊಟ್ಟೆ ಮೇಲೆ ಹೊಡೀತು. ಎರಡನೇದು ಹಳೇ ಹಂದಿ ಜ್ವರ, ಕ್ಲಾಸಿಕಲ್ ಸ್ವೈನ್ ಫೀವರ್ ಅಂತಾರೆ ಡಾಕ್ಟ್ರು, ಹಳಬ್ರು ಹಂದಿ ಕಾಲರಾ ಅಂತಿದ್ರು. ಇದಕ್ಕೆ ಲಸಿಕೆ ಐತೆ. ಮೂರನೇದು ಆಫ್ರಿಕನ್ ಹಂದಿ ಜ್ವರ. 1921ರಲ್ಲಿ ಕೀನ್ಯಾದಲ್ಲಿ ಮೊದ್ಲು ಇದರ ಬಗ್ಗೆ ಬರೆದದ್ದು, 2018ರಲ್ಲಿ ಚೀನಾ ಹೊಕ್ಕಿ ಅಲ್ಲಿ ಹಂದಿ ಸಾಕಾಣಿಕೆನೇ ಅಲ್ಲಾಡಿಸಿಬಿಡ್ತು, 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸ್ಕೊಂಡು ನಮ್ ದೇಶಕ್ಕೂ ಕಾಲಿಟ್ತು. 2022ರ ಜುಲೈನಲ್ಲಿ ಕೇರಳದ ವಯನಾಡಿಗೆ ಬಂತು, ವಯನಾಡು ಅಂದ್ರೆ ನಮ್ ಕರ್ನಾಟಕದ ಗಡಿಗೆ ತಾಗಿರೋ ಜಾಗ.

ಹಳೇ ಹಂದಿ ಜ್ವರವಾಗ್ಲಿ ಆಫ್ರಿಕನ್ ಜ್ವರವಾಗ್ಲಿ ಮನುಷ್ಯರಿಗೆ ಬರಲ್ಲ. ಇದನ್ನ ಗಿರಾಕಿಗೂ ಹೇಳ್ರಿ, ಪಕ್ಕದ ಮನೆಯವ್ರಿಗೂ ಹೇಳ್ರಿ, ಯಾಕಂದ್ರೆ ಒಂದ್ ಹಂದಿ ಸತ್ರೆ ಊರೆಲ್ಲಾ ಸೇರಿ ಸಾಕೋನನ್ನ ಊರಾಚೆ ಹಾಕೋಕೆ ನೋಡ್ತಾರೆ.

ಹಳೇ ಜ್ವರನಾ ಆಫ್ರಿಕನ್ ಜ್ವರನಾ ಅಂತ ನೋಡಿ ಹೇಳ್ಬಹುದಾ?

ಆಗಲ್ಲ. ನಮ್ಮಲ್ಲಿ ಕೆಲವ್ರು ಕಿವಿ ನೋಡಿದ ತಕ್ಷಣ ಇದೇ ಅಂತ ಹೇಳ್ತಾರೆ, ಅವರ ಮಾತು ನಂಬ್ಬೇಡ್ರಿ. ಎರಡರಲ್ಲೂ ಜೋರು ಜ್ವರ, ಮೇವು ಬಿಡೋದು, ಒಂದರ ಮೇಲೊಂದು ಬಿದ್ದು ಗುಂಪಾಗಿ ಮಲಗೋದು, ಕಿವಿ ಹೊಟ್ಟೆ ತೊಡೆ ಸಂದಿ ಕೆಂಪಗೆ ಆಮೇಲೆ ನೇರಳೆ ಬಣ್ಣಕ್ಕೆ ತಿರುಗೋದು, ಹಿಂಗಾಲು ತಡವರಿಸೋದು, ಗಬ್ಬದ ಹಂದಿ ಕಂದು ಹಾಕೋದು ಎಲ್ಲಾ ಇರ್ತೈತೆ. ಆಫ್ರಿಕನ್ ಜ್ವರ ಜೋರಾಗಿ ಬಂದಾಗ ಏನೂ ಲಕ್ಷಣ ಕಾಣೋಕೆ ಮುಂಚೇನೇ ಸತ್ತು ಬಿದ್ದಿರ್ತಾವೆ, ಚಿಕ್ಕದು ದೊಡ್ಡದು ಅನ್ನಲ್ಲ, ಶೆಡ್ಡಲ್ಲಿರೋದು ಹೆಚ್ಚುಕಮ್ಮಿ ಎಲ್ಲಾ ಹೋಗ್ತಾವೆ. ಹಳೇ ಜ್ವರದಲ್ಲಿ ಲಸಿಕೆ ಹಾಕಿಸಿರೋ ಹಂದಿ ಉಳಿಯುತ್ತೆ. ಆದ್ರೆ ಖಚಿತ ಆಗೋದು ಲ್ಯಾಬಲ್ಲಿ ಮಾತ್ರ. ಪಶು ಆಸ್ಪತ್ರೆಯವ್ರು ರಕ್ತ ತಗೊಂಡು ಕಳಿಸ್ತಾರೆ, ಆಫ್ರಿಕನ್ ಜ್ವರ ಅನ್ನೋ ಅನುಮಾನ ಇದ್ರೆ ಭೋಪಾಲಲ್ಲಿರೋ ರಾಷ್ಟ್ರೀಯ ಲ್ಯಾಬಿನ ತನಕ ಹೋಗುತ್ತೆ.

ಇನ್ನೊಂದ್ ಮಾತು. ಹಂದಿ ಮೈ ಬಿಸಿ ಸಹಜವಾಗಿ 102 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುತ್ತೆ, ನಮ್ ತರ 98 ಅಲ್ಲ. ಕೈಯಲ್ಲಿ ಮುಟ್ಟಿ ಜ್ವರ ಅನ್ಬೇಡ್ರಿ. ಥರ್ಮಾಮೀಟರ್ ಒಂದ್ ಇಟ್ಕೊಳ್ರಿ, ಹಿಂದ್ಗಡೆಯಿಂದ ಹಾಕಿ ನೋಡ್ಬೇಕು, 104 ದಾಟಿದ್ರೆ ಫೋನ್ ಮಾಡ್ರಿ. ಏಪ್ರಿಲ್ ಮೇ ತಿಂಗಳಲ್ಲಿ ಚಿತ್ರದುರ್ಗದ ಬಿಸಿಲಿಗೆ ಬಾಯಿ ಬಿಟ್ಕೊಂಡು ಏದುಸಿರು ಬಿಡೋದು ಜ್ವರ ಆಗಿರಲ್ಲ ಎಷ್ಟೋ ಸಲ, ಹಂದಿಗೆ ಬೆವರೋದೇ ಬರಲ್ಲ. ನೆರಳು ಮಾಡಿ ಮೈಗೆ ನಿಧಾನಕ್ಕೆ ನೀರು ಚಿಮುಕಿಸಿದ್ರೆ ಸುಧಾರಿಸ್ಕೊಂತಾವೆ. ಜ್ವರ ಆಗಿದ್ರೆ ಸಂಜೆ ತಂಪಾದ ಮೇಲೂ ಇಳಿಯಲ್ಲ.

ಆಫ್ರಿಕನ್ ಜ್ವರಕ್ಕೆ ಇಂಜೆಕ್ಷನ್ ಐತಂತೆ, ಒಬ್ರು ತಂದುಕೊಡ್ತೀನಿ ಅಂದ್ರು, ತಗೊಳ್ಲಾ?

ಬೇಡ. ವಿಯೆಟ್ನಾಂ 2022ರಲ್ಲಿ ಒಂದು ಲಸಿಕೆಗೆ ಲೈಸೆನ್ಸ್ ಕೊಟ್ಟಿದ್ದು ನಿಜ, ಆದ್ರೆ ನಿಮ್ಗೆ ಬ್ಯಾಗಲ್ಲಿ ಇಟ್ಕೊಂಡು ಮಾರೋಕೆ ಬರೋದು ಅದಲ್ಲ. ಪಶು ಆಸ್ಪತ್ರೆ ಮೂಲಕ ಬರ್ದೇ ಇರೋ ಯಾವ ಲಸಿಕೆನೂ ಹಾಕ್ಬೇಡ್ರಿ. ಅದೂ ಅಲ್ದೆ ಆ ಮನುಷ್ಯ ಒಂದೇ ಸೂಜಿಲಿ ಎಷ್ಟು ಶೆಡ್ ಸುತ್ತಿ ಬಂದಿರ್ತಾನೋ, ಸೂಜಿನೇ ರೋಗ ಹೊತ್ತು ತರುತ್ತೆ.

ನಾನು ಹಂದಿನ ಹೊರಗೇ ಬಿಡಲ್ಲ, ಮತ್ತೆ ರೋಗ ಎಲ್ಲಿಂದ ಬರುತ್ತೆ?

ನಾನೂ ಹಂಗೇ ಅಂದ್ಕೊಂಡಿದ್ದೆ. ನನ್ ಕಥೆ ಕೇಳ್ರಿ. ಸಂತೇಲಿ ಒಬ್ರು ಆರು ಮರಿನ ಅರ್ಧ ರೇಟಿಗೆ ಕೊಡ್ತೀನಿ ಅಂದ್ರು, ಅರ್ಜೆಂಟ್ ದುಡ್ಡು ಬೇಕು ಅಂದ್ರು, ನಾನು ಖುಷಿಯಲ್ಲಿ ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಬಂದು ರಾತ್ರಿನೇ ಇದ್ದ ಮರಿಗಳ ಜೊತೆ ಬಿಟ್ಟೆ. ಐದನೇ ದಿನಕ್ಕೆ ಸಂತೆ ಮರಿ ಎರಡು ಮೇವು ಬಿಟ್ವು, ಎರಡನೇ ವಾರಕ್ಕೆ ನನ್ ತಾಯಿ ಹಂದಿಗಳು ಮಲಗಿದ್ವು. ಒಟ್ಟು ಹತ್ತೊಂಬತ್ತು ಹೋದ್ವು. ಲ್ಯಾಬ್ ರಿಪೋರ್ಟ್ ಹಳೇ ಹಂದಿ ಜ್ವರ ಅಂತ ಬಂತು, ಅಂದ್ರೆ ಲಸಿಕೆ ಹಾಕಿಸಿದ್ರೆ ತಪ್ಪಿಸ್ಬಹುದಿತ್ತು. ಅರ್ಜೆಂಟ್ ದುಡ್ಡು ಯಾಕೆ ಬೇಕಿತ್ತು ಅಂತ ಆಮೇಲೆ ಅರ್ಥ ಆಯ್ತು.

ರೋಗಕ್ಕೆ ಕಾಲಿಲ್ಲ, ಅದು ನಮ್ ಕಾಲಲ್ಲೇ ನಡ್ಕೊಂಡು ಬರುತ್ತೆ. ದಲ್ಲಾಳಿ ಬೆಳಿಗ್ಗೆ ನಾಲ್ಕು ಶೆಡ್ ನೋಡಿ ಐದನೇದಾಗಿ ನಿಮ್ ಶೆಡ್ ಒಳಗೆ ಬಂದು ಹಂದಿ ಬೆನ್ನು ತಟ್ಟಿ ತೂಕ ಅಂದಾಜು ಮಾಡ್ತಾನೆ, ಅವನ ಚಪ್ಪಲಿಗೆ ಮೆತ್ತಿರೋದು ಎಲ್ಲಿಯ ಗಲೀಜು? ಬಾಡಿಗೆ ಗಾಡಿ ಹಿಂದಿನ ಟ್ರಿಪ್ಪಲ್ಲಿ ಏನ್ ತುಂಬಿತ್ತು? ಪಕ್ಕದ ಊರಿಂದ ಇಸ್ಕೊಂಡು ಬಂದ ತಕ್ಕಡಿ, ಹಗ್ಗ, ಹಂದಿ ಕುಯ್ಯೋ ಚಾಕು. ಮನೆಗೆ ತಂದ ಹಸಿ ಮಾಂಸ ತೊಳ್ದ ನೀರನ್ನ ಕಲಗಚ್ಚಿಗೆ ಸುರಿಯೋದು. ಆಫ್ರಿಕನ್ ಜ್ವರದ ವೈರಸ್ ತಣ್ಣಗಿಟ್ಟ ರಕ್ತದಲ್ಲಿ 18 ತಿಂಗಳು ಬದುಕಿರುತ್ತೆ, ಫ್ರೀಜರ್ ಮಾಂಸದಲ್ಲಿ ವರ್ಷಗಟ್ಟಲೆ.

ಹೊಸ ಹಂದಿ ತಂದ್ರೆ ಎಷ್ಟು ದಿನ ಬೇರೆ ಇಡ್ಬೇಕು?

ಮೂವತ್ತು ದಿನ. ಜಾಸ್ತಿ ಅನ್ಸುತ್ತಾ? ಆಫ್ರಿಕನ್ ಜ್ವರ ಒಳಗೆ ಹೊಕ್ಕಿ ಹೊರಗೆ ಕಾಣೋಕೆ 4ರಿಂದ 19 ದಿನ ತಗೊಳುತ್ತೆ, ವಾರ ಇಟ್ಟು ಚೆನ್ನಾಗೈತೆ ಅಂತ ಸೇರಿಸಿದ್ರೆ ಏನೂ ಪ್ರಯೋಜನ ಇಲ್ಲ. ಬೇರೆ ಅಂದ್ರೆ ಅದೇ ಶೆಡ್ಡಲ್ಲಿ ತಡಿಕೆ ಕಟ್ಟೋದಲ್ಲ ಮತ್ತೆ, ಗಾಳಿ ಬೀಸೋ ದಿಕ್ಕು ನೋಡಿ ದೂರದಲ್ಲಿ, ಬೇರೆ ಬಕೆಟ್ಟು ಬೇರೆ ಪೊರಕೆ. ಮೇವು ಹಾಕುವಾಗ ಹಳೇ ಹಂದಿಗಳ ಕೆಲಸ ಮುಗಿಸಿ ಕೊನೇಗೆ ಹೊಸದರ ಹತ್ರ ಹೋಗ್ಬೇಕು, ಉಲ್ಟಾ ಮಾಡ್ಬಾರ್ದು.

ಬೆದೆಗೆ ಬಂದಾಗ ಗಂಡು ಹಂದಿನ ಊರೂರು ತಿರುಗಿಸೋ ಪದ್ಧತಿ ನಮ್ಮಲ್ಲಿ ಐತಲ್ಲ, ಅದು ಬಿಡ್ಬೇಕು. ಹತ್ತು ಮನೆ ತಿರುಗೋ ಗಂಡು ಹತ್ತು ಮನೆ ರೋಗನೂ ತರುತ್ತೆ, ಕಂದು ಹಾಕಿಸೋ ಬ್ರುಸೆಲ್ಲಾ ಕೂಡ ಅದರಿಂದ ಬರುತ್ತೆ, ಅದು ಮನುಷ್ಯರಿಗೂ ಅಂಟುತ್ತೆ. ಮೂರ್ನಾಲ್ಕು ಮನೆಯವ್ರು ಸೇರಿ ಒಂದೇ ಗಂಡು ಇಟ್ಕೊಂಡು ಹೊರಗಿನವ್ರಿಗೆ ಕೊಡಲ್ಲ ಅಂತ ಗಟ್ಟಿಯಾಗಿ ನಿಂತ್ರೆ ಅದು ಬೇರೆ ಮಾತು.

ಹೋಟೆಲ್ ಮುಸುರೆ ಹಾಕ್ಬಹುದಾ? ಅದಿಲ್ದೆ ನಮ್ಗೆ ಪೂರೈಸಲ್ಲ.

ಗೊತ್ತು ಕಣ್ರಿ, ಫೀಡ್ ಮೂಟೆ ರೇಟು ನೋಡಿದ್ರೆ ಹಂದಿ ಸಾಕೋದಕ್ಕಿಂತ ಫೀಡ್ ಮಾರೋದೇ ವಾಸಿ. ದಾವಣಗೆರೆಲಿ ಬೆಣ್ಣೆದೋಸೆ ಹೋಟೆಲ್ಲು, ಖಾನಾವಳಿ, ಕಲ್ಯಾಣ ಮಂಟಪ, ಹಾಸ್ಟೆಲ್ಲು ಇರೋದ್ರಿಂದಾನೇ ಎಷ್ಟೋ ಜನ ಹಂದಿ ಸಾಕ್ತಿದಾರೆ. ಹಾಕ್ಬಹುದು, ಆದ್ರೆ ಕುದಿಸಿ. ಬಿಸಿ ಮಾಡೋದಲ್ಲ, ಕುದಿಸೋದು. ಲೆಕ್ಕ ಏನಂದ್ರೆ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ನಿಮಿಷ, ಕಲಕ್ತಾ ಇರ್ಬೇಕು, ಇಲ್ದಿದ್ರೆ ತಳ ಸೀದಿರುತ್ತೆ ನಡುವೆ ಹಸಿನೇ ಇರುತ್ತೆ. ಹಳೇ ಡ್ರಮ್ಮು, ಮೂರು ಕಲ್ಲು, ಮೆಕ್ಕೆಜೋಳದ ಬೆಂಡು ಉರಿಗೆ. ಇಷ್ಟೇ ಖರ್ಚು. ಕುದಿಸೋ ಮೊದ್ಲ ಬಕೆಟ್ಟೂ ಕುದಿಸಿದ ಮೇಲಿನ ಬಕೆಟ್ಟೂ ಒಂದೇ ಆಗಿದ್ರೆ ಕುದಿಸಿದ್ದು ದಂಡ.

ಮಾಂಸದ ಹೋಟೆಲ್ಲಿನ ಮುಸುರೆ, ಅದ್ರಲ್ಲೂ ಹಂದಿ ಮಾಂಸ ಮಾಡೋ ಕಡೆಯದ್ದು, ಕುದಿಸಿದ್ರೂ ಬೇಡ ಅಂತೀನಿ ನಾನು. ಒಂದ್ ದಿನ ಸೌದೆ ಇಲ್ಲ ಅಂತ ಹಂಗೇ ಸುರಿದ್ರೆ ಮುಗೀತು, ಆ ಒಂದ್ ದಿನ ಬಂದೇ ಬರುತ್ತೆ.

ಇನ್ನೊಂದು ಯಾರೂ ಹೇಳದೇ ಇರೋದು ಉಪ್ಪು. ಮದ್ವೆ ಮನೆ ಮುಸುರೆಲಿ ಉಪ್ಪಿನಕಾಯಿ, ಹಪ್ಪಳ, ಸಾರು ಎಲ್ಲಾ ಸೇರಿ ಉಪ್ಪು ವಿಪರೀತ, ಅದನ್ನ ತಿಂದು ಕುಡಿಯೋಕೆ ನೀರು ಸಾಲ್ದೇ ಹೋದ್ರೆ ಹಂದಿ ಕಣ್ಣು ಕಾಣದಂಗೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತೆ, ಫಿಟ್ಸ್ ಬರುತ್ತೆ, ಸಾಯುತ್ತೆ. ರೋಗ ಅಂತ ಗಾಬರಿಯಾಗಿ ಫೋನ್ ಮಾಡ್ತಾರೆ, ಕೇಳಿದ್ರೆ ಬೋರ್ ಕೆಟ್ಟು ಎರಡು ದಿನ ಆಗಿರುತ್ತೆ. ಆವಾಗ ಒಂದೇ ಸಲ ಹೊಟ್ಟೆ ತುಂಬಾ ನೀರು ಬಿಟ್ರೆ ಇನ್ನೂ ಕೆಡುತ್ತೆ, ಸ್ವಲ್ಪ ಸ್ವಲ್ಪ ಕೊಡ್ತಾ ಡಾಕ್ಟ್ರನ್ನ ಕರೀಬೇಕು. ಪ್ಲಾಸ್ಟಿಕ್ಕು, ಟೂತ್‌ಪಿಕ್ಕು, ಬಾಳೆಎಲೆಗೆ ಹಾಕಿರೋ ಸ್ಟೇಪ್ಲರ್ ಪಿನ್ನು ಆರಿಸ್ಬೇಕು ಅಂತ ಬೇರೆ ಹೇಳ್ಬೇಕಾ.

ಮೆಕ್ಕೆಜೋಳ ಬೂಸ್ಟು ಹಿಡಿದೈತೆ, ಮಂಡಿಯವ್ರು ತಗೊಳ್ಲಿಲ್ಲ. ಹಂದಿಗೆ ಹಾಕ್ಲಾ?

ನಮ್ಮ ಜಿಲ್ಲೆ ಅಂದ್ರೆ ಮೆಕ್ಕೆಜೋಳ, ಕೊಯ್ಲು ಟೈಮಲ್ಲಿ ಮಳೆ ಹಿಡ್ಕೊಂಡ್ರೆ ರೋಡಲ್ಲಿ ಒಣಗಾಕಿದ ರಾಶಿ ಎಲ್ಲಾ ಮುಗ್ಗು. ಮನುಷ್ಯರು ತಿನ್ನಲ್ಲ, ಮಂಡಿಲಿ ಹೋಗಲ್ಲ, ಸರಿ ಹಂದಿಗೆ ಅಂತಾರೆ. ಹಂದಿ ಕಸದ ಡಬ್ಬ ಅಲ್ಲ. ಬೂಸ್ಟಿನ ವಿಷ ಹಂದಿಗೆ ದನಕ್ಕಿಂತ ಬೇಗ ತಾಗುತ್ತೆ. ಚಿಕ್ಕ ಹೆಣ್ಣುಮರಿಗಳ ಹಿಂಭಾಗ ಊದ್ಕೊಂಡು ಬೆದೆಗೆ ಬಂದಂಗೆ ಕಾಣುತ್ತೆ, ಗಂಡು ಬಿಟ್ರೆ ಗಬ್ಬ ನಿಲ್ಲಲ್ಲ, ಆವಾಗ ಮೊದ್ಲು ಮೇವಿನ ಮೂಟೆ ಮೂಸಿ ನೋಡ್ರಿ. ಚಳ್ಳಕೆರೆ ಕಡೆಯವ್ರಿಗೆ ಕಡ್ಲೆಕಾಯಿ ಹಿಂಡಿ ಕೈಗೆ ಸಿಗುತ್ತೆ, ಹಳೇ ಹಿಂಡಿಲೂ ಇದೇ ಕಾಟ, ಲಿವರ್ ಹಾಳಾಗುತ್ತೆ, ಲಸಿಕೆ ಹಾಕ್ಸಿದ್ರೂ ಸರಿಯಾಗಿ ಹತ್ತಲ್ಲ. ತೊಳೆದು ಒಣಗಿಸಿದ್ರೆ ಬೂಸ್ಟು ಹೋಗ್ಬಹುದು, ವಿಷ ಹೋಗಲ್ಲ, ಕುದಿಸಿದ್ರೂ ಹೋಗಲ್ಲ.

ದೊಡ್ಡ ಫಾರಂ ತರ ಗೇಟು, ಶವರ್ ಎಲ್ಲಾ ನಮ್ಗೆ ಆಗಲ್ಲ. ಕಮ್ಮಿ ಖರ್ಚಲ್ಲಿ ಏನ್ ಮಾಡ್ಬಹುದು?

ಶೆಡ್ ಬಾಗಿಲಿಗೆ ಒಂದ್ ಜೊತೆ ಗಮ್‌ಬೂಟು ಇಡ್ರಿ, ಅದು ಅಲ್ಲಿಂದ ಆಚೆ ಬರ್ಬಾರ್ದು, ನಿಮ್ ಚಪ್ಪಲಿ ಒಳಗೆ ಹೋಗ್ಬಾರ್ದು. ನೂರು ನಿಯಮ ನೆನಪಿಡೋಕಾಗಲ್ಲ, ಇದೊಂದು ಇಟ್ಕೊಳ್ರಿ. ದಲ್ಲಾಳಿನ ಒಳಗೆ ಬಿಡ್ಬೇಡ್ರಿ, ಹಂದಿನ ನೀವೇ ಹೊರಗೆ ಹೊಡ್ಕೊಂಡು ಬಂದು ತೋರಿಸ್ರಿ, ಮಾರಾಟ ಆಗ್ದೇ ಇದ್ರೆ ಅವನ ಗಾಡಿ ಹತ್ತಿಸಿ ಇಳಿಸಿದ ಹಂದಿನ ವಾಪಸ್ ಗುಂಪಿಗೆ ಸೇರಿಸ್ಬೇಡ್ರಿ. ಮುಖ ಸಿಂಡರಿಸ್ಕೊಂತಾನೆ, ಮುಂದಿನ ವಾರ ಮತ್ತೆ ಬರ್ತಾನೆ.

ಬಾಗಿಲಲ್ಲಿ ಕಾಲು ಅದ್ದೋ ತೊಟ್ಟಿ ಇಡ್ತಾರಲ್ಲ, ಗಲೀಜು ಮೆತ್ತಿರೋ ಬೂಟನ್ನ ಅದರಲ್ಲಿ ಅದ್ದಿ ತೆಗೆದ್ರೆ ಏನೂ ಆಗಲ್ಲ, ಮೊದ್ಲು ಬ್ರಷ್ ಹಾಕಿ ನೀರಲ್ಲಿ ತೊಳ್ದು ಆಮೇಲೆ ಅದ್ದಬೇಕು. ನೆಲಕ್ಕೂ ಅಷ್ಟೇ, ಕೆರೆದು ತೊಳ್ದು ಒಣಗಿಸಿ ಆಮೇಲೆ ಔಷಧಿ. ಕಾಸ್ಟಿಕ್ ಸೋಡ ಒಂದ್ ಲೀಟರ್ ನೀರಿಗೆ 20 ಗ್ರಾಂ ಹಾಕಿ ಅರ್ಧ ಗಂಟೆ ಬಿಟ್ರೆ ಆಫ್ರಿಕನ್ ಜ್ವರದ ವೈರಸ್ಸೂ ಸಾಯುತ್ತೆ. ಆದ್ರೆ ಅದು ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ರೆ ಕಣ್ಣೇ ಹೋಗುತ್ತೆ, ರಬ್ಬರ್ ಗ್ಲೌಸ್ ಹಾಕ್ಕೊಳ್ರಿ, ಹಂದಿ ಇರೋವಾಗ ಚೆಲ್ಬೇಡ್ರಿ, ಅಲ್ಯೂಮಿನಿಯಂ ಪಾತ್ರೆಲಿ ಕಲಸ್ಬೇಡ್ರಿ.

ಶೆಡ್ ಮೇಲೆ ಮಾವಿನ ಮರ, ಸೀಬೆ ಮರ ಇದ್ರೆ ನೆರಳು ಚೆಂದ, ಆದ್ರೆ ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಹಂದಿ ತಿನ್ನುತ್ತೆ. 1998-99ರಲ್ಲಿ ಮಲೇಷ್ಯಾದಲ್ಲಿ ನಿಫಾ ವೈರಸ್ ಹಂದಿಗೆ ಹತ್ತಿದ್ದು ಹಿಂಗೇ, ಅಲ್ಲಿಂದ ಜನಕ್ಕೆ ಬಂದು ನೂರಕ್ಕೂ ಹೆಚ್ಚು ಜನ ಸತ್ರು, ಹತ್ತು ಲಕ್ಷದಷ್ಟು ಹಂದಿ ಕೊಂದ್ರು. ಹಣ್ಣು ಬೀಳದಂಗೆ ತಗಡೋ ಬಲೆನೋ ಹಾಕ್ರಿ.

ಹಂದಿ ಮಾಂಸ ತಿಂದ್ರೆ ಮೆದುಳಿಗೆ ಹುಳ ಹೋಗುತ್ತಂತೆ, ಹೌದಾ?

ಅರ್ಧ ನಿಜ, ಅರ್ಧ ಉಲ್ಟಾ. ಸರಿಯಾಗಿ ಬೇಯಿಸ್ದೇ ಹುಳದ ಗಂಟಿರೋ ಮಾಂಸ ತಿಂದ್ರೆ ಹೊಟ್ಟೆಯಲ್ಲಿ ಲಾಡಿಹುಳ ಆಗುತ್ತೆ, ಮೆದುಳಿಗಲ್ಲ. ಆ ಹುಳ ಹೊಟ್ಟೆಯಲ್ಲಿರೋ ಮನುಷ್ಯ ಬಯಲಿಗೆ ಹೋಗ್ತಾನೆ, ಅದರಲ್ಲಿ ಮೊಟ್ಟೆ ಇರುತ್ತೆ, ಆ ಮೊಟ್ಟೆ ಸೊಪ್ಪಿನ ಮೂಲಕವೋ ನೀರಿನ ಮೂಲಕವೋ ಕೈ ತೊಳೀದೇ ಊಟ ಬಡಿಸೋರ ಕೈಯಿಂದ್ಲೋ ಇನ್ನೊಬ್ರ ಹೊಟ್ಟೆಗೆ ಹೋದಾಗ ಅದು ಮೆದುಳಿಗೆ ಹೋಗಿ ಕೂರುತ್ತೆ, ಫಿಟ್ಸ್ ಬರುತ್ತೆ. ಅದ್ಕೇ ಜೀವನದಲ್ಲಿ ಮಾಂಸ ಮುಟ್ಟದೇ ಇರೋರಿಗೂ ಈ ಕಾಯಿಲೆ ಬರೋದು. ಹಂದಿಗೂ ಹಂಗೇ, ಬಯಲಲ್ಲಿ ಬಿಟ್ಟ ಹಂದಿ ಮನುಷ್ಯರ ಮಲ ತಿಂದೇ ಅದರ ಮೈಯಲ್ಲಿ ಗಂಟಾಗೋದು.

ಅದ್ರಿಂದ ಊರಲ್ಲಿ ಹಂದಿ ಬಿಟ್ಟು ಸಾಕೋರ್ಗೆ ನಾನು ಹೇಳೋದು ಕಟ್ಟಿ ಸಾಕ್ರಿ ಅಂತ. ಬಿಟ್ಟು ಸಾಕಿದ್ರೆ ಮೇವು ಬಿಟ್ಟಿ, ನಿಜ, ಆದ್ರೆ ಹುಳ ಬಿಟ್ಟಿ, ರೋಗ ಬಿಟ್ಟಿ, ಯಾವತ್ತು ಕಾರ್ಪೊರೇಷನ್ ಗಾಡಿ ಬಂದು ಹಿಡ್ಕೊಂಡು ಹೋಗುತ್ತೋ ಅದೂ ಬಿಟ್ಟಿ. ಒಂದೇ ಸಲ ಆಗಲ್ಲ ಅನ್ನೋರು ಮೊದ್ಲು ತಾಯಿ ಹಂದಿ ಮತ್ತೆ ಮರಿಗಳನ್ನಾದ್ರೂ ಒಳಗೆ ಹಾಕ್ರಿ. ಮನೆಯವ್ರೆಲ್ಲಾ ಶೌಚಾಲಯನೇ ಬಳಸ್ಬೇಕು, ಅದೂ ಹಂದಿ ಸಾಕಾಣಿಕೆನೇ.

ಮಾಂಸ ಕುಯ್ದಾಗ ಅಕ್ಕಿಕಾಳಿನಂಗೆ ಬಿಳಿ ಗುಳ್ಳೆ ಕಂಡ್ರೆ ಆ ಭಾಗ ಕತ್ತರಿಸಿ ಉಳಿದಿದ್ದು ಮಾರೋದಲ್ಲ, ಇಡೀ ಹಂದಿನೇ ಬಿಡ್ಬೇಕು. ಜೀವ ಇರುವಾಗ ನಾಲಿಗೆ ಅಡಿ ನೋಡಿ ಹೇಳೋ ಹಳಬ್ರು ಇದಾರೆ, ಜಾಸ್ತಿ ಗುಳ್ಳೆ ಇದ್ರೆ ಸಿಗುತ್ತೆ, ಕಮ್ಮಿ ಇದ್ರೆ ತಪ್ಪಿಸ್ಕೊಳುತ್ತೆ.

ಹಂದಿಯಿಂದ ಮಕ್ಕಳಿಗೆ ಮೆದುಳು ಜ್ವರ ಬರುತ್ತೆ ಅಂತ ಊರವ್ರು ಜಗಳಕ್ಕೆ ಬಂದಿದಾರೆ. ಏನ್ ಹೇಳ್ಲಿ?

ಜಪಾನೀಸ್ ಮೆದುಳು ಜ್ವರದ ವಿಷಯ ಇದು, ಊರವ್ರ ಮಾತಲ್ಲಿ ಪೂರ್ತಿ ಸುಳ್ಳಿಲ್ಲ. ಆ ವೈರಸ್ ಬೆಳ್ಳಕ್ಕಿಗಳಂಥ ನೀರು ಹಕ್ಕಿಯಲ್ಲಿರುತ್ತೆ, ಸೊಳ್ಳೆ ಹಂದಿಗೆ ಕಚ್ಚಿದಾಗ ಹಂದಿ ರಕ್ತದಲ್ಲಿ ಜೋರಾಗಿ ಹೆಚ್ಚಾಗುತ್ತೆ, ಆ ಹಂದಿಗೆ ಕಚ್ಚಿದ ಸೊಳ್ಳೆ ಮಗುಗೆ ಕಚ್ಚುತ್ತೆ. ಹಂದಿ ಮುಟ್ಟಿದ್ರೆ ಬರಲ್ಲ, ಮಾಂಸ ತಿಂದ್ರೆ ಬರಲ್ಲ, ಮನುಷ್ಯರಿಂದ ಮನುಷ್ಯರಿಗೂ ಬರಲ್ಲ. ಆ ಸೊಳ್ಳೆ ಮೊಟ್ಟೆ ಇಡೋದು ಚರಂಡಿಗಿಂತ ಹೆಚ್ಚಾಗಿ ನೀರು ನಿಂತ ಭತ್ತದ ಗದ್ದೆಯಲ್ಲಿ, ಸಂಜೆ ಹೊತ್ತಿಂದ ಕಚ್ಚುತ್ತೆ. ಭದ್ರಾ ನಾಲೆ ನೀರು ಬಿಟ್ಟಾಗ ಹರಿಹರ, ಮಲೇಬೆನ್ನೂರು ಕಡೆ ಎಲ್ಲೆಲ್ಲೂ ಗದ್ದೆ, ಗದ್ದೆ ತುಂಬಾ ಬೆಳ್ಳಕ್ಕಿ, ಪಕ್ಕದಲ್ಲಿ ಹಂದಿ ಶೆಡ್ಡು, ಅದರ ಪಕ್ಕ ಮನೆ. ಸೊಳ್ಳೆಗೆ ಇನ್ನೇನ್ ಬೇಕು ಹೇಳ್ರಿ. ಹಂದಿಗೆ ಮೇಲ್ನೋಟಕ್ಕೆ ಏನೂ ಆಗಲ್ಲ, ಗಬ್ಬದ ಹಂದಿ ಸತ್ತ ಮರಿ, ಒಣಗಿದ ಮರಿ ಹಾಕಿದ್ರೆ ಇದೂ ಒಂದು ಕಾರಣ ಇರ್ಬಹುದು.

ಜಗಳ ಮಾಡೋ ಬದ್ಲು ಶೆಡ್ಡನ್ನ ಮನೆಗಳಿಂದ ಆದಷ್ಟು ದೂರ ಹಾಕ್ರಿ, ಸಂಜೆ ಬೇವಿನ ಸೊಪ್ಪಿನ ಹೊಗೆ, ಆಗೋರು ಸೊಳ್ಳೆ ಬಲೆ. ಮಕ್ಕಳಿಗೆ ಈ ಜ್ವರದ ಲಸಿಕೆ ಐತೆ, 9 ತಿಂಗಳಿಗೊಂದು, 16ರಿಂದ 24 ತಿಂಗಳ ಒಳಗೊಂದು, ಆಶಾ ಅಕ್ಕನ್ನ ಕೇಳಿ ಕಾರ್ಡ್ ಚೆಕ್ ಮಾಡಿಸ್ರಿ. ಹಂದಿ ಸಾಕೋರ ಮಕ್ಕಳದ್ದೇ ಮೊದ್ಲು ಆಗ್ಬೇಕು.

ಯಾವ ಲಸಿಕೆ ಯಾವಾಗ?

ಹಳೇ ಹಂದಿ ಜ್ವರದ್ದು ಮರಿಗೆ ಎರಡರಿಂದ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಂದ್ಸಲ. ಸರ್ಕಾರದಿಂದ ಫ್ರೀ. ಹಿಂದೆ ಈ ಲಸಿಕೆನ ಮೊಲದಿಂದ ಮಾಡ್ತಿದ್ರು, ಒಂದ್ ಮೊಲಕ್ಕೆ ಸುಮಾರು 50 ಡೋಸು ಅಷ್ಟೇ ಆಗೋದು, ಅದ್ಕೇ ಸ್ಟಾಕ್ ಇಲ್ಲ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿತ್ತು. ಈಗ ಇಜ್ಜತ್‌ನಗರದ ಐವಿಆರ್‌ಐ ಅನ್ನೋ ಪಶು ಸಂಶೋಧನಾ ಸಂಸ್ಥೆಯವ್ರು ಲ್ಯಾಬಲ್ಲಿ ಜೀವಕೋಶದಲ್ಲಿ ಬೆಳೆಸೋ ಲಸಿಕೆ ಮಾಡಿದಾರೆ, 2020ರಲ್ಲಿ ಬಿಡುಗಡೆ ಆಯ್ತು. ಕಾಲುಬಾಯಿ ರೋಗ ಹಂದಿಗೂ ಬರುತ್ತೆ, 2019ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆ ಪಟ್ಟಿಲಿ ಹಂದಿನೂ ಐತೆ, ದನಕ್ಕೆ ಹಾಕೋಕೆ ಬಂದವ್ರನ್ನ ಹಂದಿಗೂ ಹಾಕ್ರಿ ಅಂತ ಕರ್ಕೊಂಡು ಹೋಗ್ರಿ. ಕಾಲುಬಾಯಿ ಬಂದ ಹಂದಿ ಉಸಿರಲ್ಲೇ ದನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ವೈರಸ್ ಬಿಡುತ್ತೆ, ಪಕ್ಕದ ಕೊಟ್ಟಿಗೆ ಎಮ್ಮೆಗೆ ಕಷ್ಟ. ಲಸಿಕೆ ಐಸ್ ಇಲ್ದೇ ಬಂದ್ರೆ ಹಾಕಿಸ್ಕೊಬೇಡ್ರಿ, ಆಗ್ಲೇ ಹುಷಾರಿಲ್ಲದ ಹಂದಿಗೂ ಬೇಡ.

ಒಂದ್ ಹಂದಿ ಸತ್ತೈತೆ. ಈಗ ಏನ್ ಮಾಡ್ಲಿ?

ಕುಯ್ಬೇಡ್ರಿ, ಮಾಂಸ ಮಾಡ್ಬೇಡ್ರಿ, ಕೆರೆಗೆ ಎಸೀಬೇಡ್ರಿ, ನಾಯಿಗೆ ಬಿಡ್ಬೇಡ್ರಿ. ಮೂಗು ಬಾಯಿಂದ ರಕ್ತ ಬಂದಿದ್ರಂತೂ ಮುಟ್ಟಲೇಬೇಡ್ರಿ, ನೆರಡಿ ರೋಗ, ಅಂಥ್ರಾಕ್ಸ್ ಅಂತಾರಲ್ಲ, ಅದಾಗಿದ್ರೆ ನಿಮ್ ಪ್ರಾಣಕ್ಕೆ ಬರುತ್ತೆ. ಮೇಲೆ ತಾಡಪಾಲು ಮುಚ್ಚಿ 1962ಕ್ಕೆ ಫೋನ್ ಮಾಡ್ರಿ, ಪಶು ಸಂಜೀವಿನಿ ಗಾಡಿ ಅದು, ಇಲ್ಲ ತಾಲ್ಲೂಕು ಪಶು ಆಸ್ಪತ್ರೆಗೆ. ಆವತ್ತಿಂದ ಶೆಡ್ಡಿಂದ ಒಂದ್ ಮರಿನೂ ಹೊರಗೆ ಹೋಗ್ಬಾರ್ದು, ಗೊಬ್ಬರನೂ ಹೋಗ್ಬಾರ್ದು. ಹೂಳೋದು ಡಾಕ್ಟ್ರು ಬಂದು ಹೇಳಿದ ಮೇಲೆ, ಆಳಕ್ಕೆ, ಆರಡಿ ಗುಂಡಿ, ಸುಣ್ಣ ಹಾಕಿ, ಬಾವಿ ಬೋರ್‌ವೆಲ್ಲಿಂದ ದೂರ. ಇಲ್ದಿದ್ರೆ ನಾಯಿ ಎಳ್ಕೊಂಡು ಊರೆಲ್ಲಾ ಹಂಚುತ್ತೆ.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಪ್ರಕಾರ ಹೇಳಲೇಬೇಕು, ಮಾಲೀಕನೂ ಹೇಳ್ಬೇಕು, ಗ್ರಾಮ ಪಂಚಾಯ್ತಿಯವ್ರೂ ಹೇಳ್ಬೇಕು.

ಹೇಳಿದ್ರೆ ಬಂದು ಎಲ್ಲಾ ಹಂದಿ ಕೊಲ್ತಾರೆ, ಅದ್ಕೇ ಭಯ.

ಭಯ ಇರೋದು ತಪ್ಪಲ್ಲ. ಆಫ್ರಿಕನ್ ಜ್ವರ ಅಂತ ಖಚಿತ ಆದ್ರೆ ರೋಗ ಬಂದ ಜಾಗದ ಸುತ್ತ 1 ಕಿಲೋಮೀಟರ್ ಒಳಗಿನ ಹಂದಿ ಎಲ್ಲಾ ಕೊಲ್ತಾರೆ, 10 ಕಿಲೋಮೀಟರ್ ತನಕ ನಿಗಾ, ಸಾಗಾಟ ಮಾರಾಟ ಬಂದ್. ಹಳೇ ಹಂದಿ ಜ್ವರ ಆಗಿದ್ರೆ ಸುತ್ತಲಿನವ್ರ ಹಂದಿಗೆ ಲಸಿಕೆ ಹಾಕಿ ಉಳಿಸ್ಕೊಬಹುದು, ಅದು ತಿಳಿಯೋಕಾದ್ರೂ ಟೆಸ್ಟ್ ಆಗ್ಬೇಕಲ್ಲ.

ಕೊಂದ ಹಂದಿಗೆ ಪರಿಹಾರ ಐತೆ, ಅರ್ಧ ಕೇಂದ್ರ ಅರ್ಧ ರಾಜ್ಯ ಸರ್ಕಾರ. ಕೇರಳದಲ್ಲೆಲ್ಲಾ ಕೊಟ್ಟ ದರ 15 ಕೆಜಿ ತನಕ 2,200 ರೂಪಾಯಿ, 15ರಿಂದ 40 ಕೆಜಿಗೆ 5,800, 40ರಿಂದ 70ಕ್ಕೆ 8,400, 70ರಿಂದ 100ಕ್ಕೆ 12,000, ಅದಕ್ಕೂ ಮೇಲಿದ್ರೆ 15,000. ಗಬ್ಬದ ತಾಯಿ ಹಂದಿ ಕಳ್ಕೊಂಡೋನಿಗೆ ಇದು ಏನೇನೂ ಸಾಲಲ್ಲ, ನಾನೇನ್ ಸುಳ್ಳು ಹೇಳಲ್ಲ. ಆದ್ರೆ ಒಂದ್ ಲೆಕ್ಕ ನೋಡ್ರಿ, ದುಡ್ಡು ಸಿಗೋದು ಅವ್ರು ಕೊಂದ ಹಂದಿಗೆ, ತಾನಾಗೇ ಸತ್ತಿದ್ದಕ್ಕಲ್ಲ. ಮುಚ್ಚಿಟ್ಟು ಹತ್ತು ದಿನ ಕಾದೋನಿಗೆ ಹಂದಿನೂ ಇಲ್ಲ ದುಡ್ಡೂ ಇಲ್ಲ. ಇವತ್ತಿನ ದರ ತಾಲ್ಲೂಕು ಆಫೀಸಲ್ಲಿ ಕೇಳ್ರಿ, ಎಷ್ಟು ಹಂದಿ ಅಂತ ಫೋಟೋ ಸಮೇತ ಪುಸ್ತಕದಲ್ಲಿ ಬರೆದಿಟ್ಟಿರ್ರಿ. ಇನ್ಶೂರೆನ್ಸ್ ಮಾಡ್ಸಿದ್ರೆ ಹಂದಿ ಕಿವಿಗೆ ಹಾಕೋ ನಂಬರ್ ಓಲೆ ಇಲ್ದೇ ಕ್ಲೇಮ್ ಆಗಲ್ಲ, ಬಿದ್ದೋಗಿದ್ರೆ ಅವತ್ತೇ ಹೊಸದು ಹಾಕಿಸ್ರಿ.

ಸಾಯೋ ಮುಂಚೆ ಮಾರಿದ್ರೆ ಅರ್ಧ ದುಡ್ಡಾದ್ರೂ ಬರುತ್ತಲ್ಲ?

ಈ ಪ್ರಶ್ನೆ ಯಾರೂ ನೇರವಾಗಿ ಕೇಳಲ್ಲ. ಸುತ್ತಿ ಬಳಸಿ, ಅಣ್ಣ ಒಂದ್ ಹಂದಿ ಸ್ವಲ್ಪ ಮೆತ್ತಗಿದೆ, ನಾಳೆ ಗಿರಾಕಿ ಬರ್ತಾನೆ, ಏನ್ ಮಾಡ್ಲಿ ಅಂತಾರೆ. ನಾನೂ ಮಾರಿದೀನಿ. ಆ ಹತ್ತೊಂಬತ್ತು ಸಾಯೋಕೆ ಮುಂಚೆ ಎರಡನ್ನ, ಇನ್ನೂ ನಿಂತ್ಕೊಳ್ತಿದ್ವು, ರಾತ್ರಿ ಹೊತ್ತು ಕೊಟ್ಟುಬಿಟ್ಟೆ. ತಗೊಂಡೋನು ಒಂದನ್ನ ಕುಯ್ದ, ಇನ್ನೊಂದನ್ನ ಎರಡು ದಿನ ಅವರಣ್ಣನ ಶೆಡ್ಡಲ್ಲಿ ಕಟ್ಟಿದ್ದ. ಅವರಣ್ಣ ಸೊಸೈಟಿ ಸಾಲ ಮಾಡಿ ಆಗ ತಾನೇ ಎಂಟು ಯಾರ್ಕ್‌ಷೈರ್ ತಳಿ ಹಂದಿ ತಂದಿದ್ದ. ಒಂದೂ ಉಳೀಲಿಲ್ಲ. ನನ್ ಹಂದಿಯಿಂದ ಅಂತ ಅವ್ನಿಗೆ ಗೊತ್ತೈತೋ ಇಲ್ವೋ, ಸಿಕ್ಕಾಗೆಲ್ಲಾ ಚೆನ್ನಾಗೇ ಮಾತಾಡಿಸ್ತಾನೆ. ನಂಗೆ ಬಂದಿದ್ದು ಎರಡಕ್ಕೂ ಸೇರಿ ಒಂಬತ್ತು ಸಾವಿರ.

ಸಂತೇಲಿ ನಂಗೆ ಆರು ಮರಿ ಕೊಟ್ಟೋನು ಮಾಡಿದ್ದೂ ಇದನ್ನೇ ತಾನೆ.

ಮಾಂಸದ ಅಂಗಡಿ ಇಟ್ಟಿದೀನಿ. ನಾನೇನ್ ನೋಡ್ಕೊಬೇಕು?

ಹಂದಿ ನಡ್ಕೊಂಡು ಬಂದಿರ್ಬೇಕು, ಹೊತ್ಕೊಂಡು ಬಂದಿದ್ದನ್ನ ತಗೋಬೇಡಿ. ಯಾವ ಶೆಡ್ಡಿಂದ ಬಂತು ಅಂತ ದಿನಾಂಕ ಹಾಕಿ ಬರ್ದಿಡ್ರಿ. ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತೆಯವ್ರ ರಿಜಿಸ್ಟ್ರೇಷನ್ ಮಾಡಿಸ್ಕೊಳ್ರಿ. ಕುಯ್ದಾಗ ಗುಲ್ಮ ಎಂದಿಗಿಂತ ದೊಡ್ಡದಾಗಿ ಕಪ್ಪಗೆ ಇದ್ರೆ, ಕಿಡ್ನಿ ಮೇಲೆ ರಕ್ತದ ಚುಕ್ಕೆ ಇದ್ರೆ ಅಲ್ಲಿಗೇ ನಿಲ್ಸಿ ಡಾಕ್ಟ್ರಿಗೆ ತೋರ್ಸಿ. ಕರುಳು, ರಕ್ತ, ತೊಳ್ದ ನೀರು ಹಂದಿ ನಾಯಿ ಬರೋ ಕಡೆ ಹೋಗ್ಬಾರ್ದು, ಮೋರಿಗೆ ಬಿಟ್ರೆ ಅದೇ ಮೋರಿಲಿ ಬಿಟ್ಟ ಹಂದಿ ಮಲಗಿರುತ್ತೆ. ಕೈಯಲ್ಲಿ ಗಾಯ ಇದ್ರೆ ಗ್ಲೌಸ್ ಇಲ್ದೇ ಕುಯ್ಬೇಡಿ, ಇಲಿ ಜ್ವರ ಅಂಟಿದೋರು ಇದಾರೆ.

ಇಂಜೆಕ್ಷನ್ ಮಾಡ್ಸಿದ ಹಂದಿನ, ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಕಾಯ್ಬೇಕು ಅಂತ ಬಾಟ್ಲಿ ಮೇಲೆ ಬರ್ದಿರುತ್ತಲ್ಲ, ಅಷ್ಟು ದಿನ ಮುಗಿಯೋ ತನಕ ಕುಯ್ಯೋ ಹಂಗಿಲ್ಲ, ಕಜ್ಜಿಗೆ ಹಾಕೋ ಐವರ್ಮೆಕ್ಟಿನ್ನೂ ಸೇರಿ. ಸಾಕೋನು ಹೇಳಲ್ಲ, ನೀವೇ ಕೇಳ್ಬೇಕು. ಕೊಲಿಸ್ಟಿನ್ ಅನ್ನೋ ಔಷಧಿನ 2019ರಲ್ಲೇ ಆಹಾರದ ಪ್ರಾಣಿಗಳಿಗೆ ಕೊಡ್ಬಾರ್ದು ಅಂತ ನಿಷೇಧ ಮಾಡಿದಾರೆ, ಹಳೇ ಸ್ಟಾಕ್ ಯಾರಾದ್ರೂ ಕೊಟ್ರೆ ವಾಪಸ್ ಕೊಡಿ. ಗಿರಾಕಿಗೆ ಒಂದೇ ಮಾತು, ಒಳಗೆ ಕೆಂಪು ಕಾಣದಂಗೆ ಬೇಯಿಸ್ರಿ.

ಶೆಡ್ ಖಾಲಿ ಆದ್ಮೇಲೆ ಮತ್ತೆ ಯಾವಾಗ ತರ್ಬಹುದು?

ಪಶು ಇಲಾಖೆಯವ್ರು ಆಯ್ತು ಅನ್ನೋ ತನಕ ಇಲ್ಲ. ಅಷ್ಟರೊಳಗೆ ಗೊಬ್ಬರ ತೆಗೆದು ಹೂತು, ಮರದ ಗೊಂತು, ಹಳೇ ಗೋಣಿಚೀಲ ಸುಟ್ಟು, ಗೋಡೆ ಬಿರುಕಿಗೆ ಸಿಮೆಂಟ್ ಹಾಕಿ, ಎರಡು ಸಲ ಕಾಸ್ಟಿಕ್ ಸೋಡ ಹೊಡೆದು, ಬಿಸಿಲಿಗೆ ಬಿಡ್ರಿ. ರಕ್ತ ಹೀರೋ ಉಣ್ಣೆಹುಳ ಅವಿತಿರೋದು ಬಿರುಕಲ್ಲೇ. ತರೋವಾಗ್ಲೂ ಪೂರ್ತಿ ತುಂಬಿಸ್ಬೇಡ್ರಿ, ಎರಡೋ ಮೂರೋ ಮರಿ ಬಿಟ್ಟು ಶೆಡ್ಡಿನ ಎಲ್ಲಾ ಮೂಲೆ ಓಡಾಡೋಕೆ ಬಿಡ್ರಿ, ತಿಂಗಳಮೇಲೆ ಅವು ಗಟ್ಟಿಯಾಗಿದ್ರೆ, ರಕ್ತ ಟೆಸ್ಟ್ ಸರಿ ಬಂದ್ರೆ ಉಳಿದಿದ್ದು. ಸಾಲದ ಕಂತು ನಿಲ್ಲಲ್ಲ ಅಂತ ಗೊತ್ತು, ನಾನು ಆ ನಾಲ್ಕು ತಿಂಗಳು ಮಂಡಕ್ಕಿ ಭಟ್ಟಿಗೆ ಕೂಲಿ ಹೋಗಿದ್ದೆ. ತಾಯಿ ಹಂದಿ ಗಬ್ಬ 114 ದಿನ, ಅಂದ್ರೆ ಮೊದ್ಲ ಮರಿ ಮಾರಿ ದುಡ್ಡು ನೋಡೋಕೆ ಏನಿಲ್ಲ ಅಂದ್ರೂ ಆರು ತಿಂಗಳ ಮೇಲೇ ಆಗುತ್ತೆ, ಅದನ್ನ ಲೆಕ್ಕ ಹಾಕ್ಕೊಂಡೇ ಸೊಸೈಟಿ ಬಾಗಿಲಿಗೆ ಹೋಗ್ರಿ. ಮರಿ ತರೋದು ಎಲ್ಲಿಂದ ಅಂತ ಗೊತ್ತಿಲ್ದೇ ಇದ್ರೆ ದಾವಣಗೆರೆಯವ್ರು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿತ್ರದುರ್ಗದವ್ರು ಹಿರಿಯೂರು ಬಬ್ಬೂರು ಫಾರಂ ಕೇಂದ್ರದಲ್ಲಿ ವಿಚಾರಿಸ್ರಿ. ಸಂತೆಗೆ ಮಾತ್ರ ಹೋಗ್ಬೇಡ್ರಿ, ಅರ್ಧ ರೇಟು ಅಂದ್ರಂತೂ ಬೇಡವೇ ಬೇಡ.